ಹೊಸ ಮೋಟಾರಿನ ಮೊದಲ ಎಣ್ಣೆ

ಎಣ್ಣೆಯ ಭರಣಿಯನ್ನು ಪೂರ್ತಿ ಬಗ್ಗಿಸಿ ಖಾಲಿ ಮಾಡುವುದು ನನ್ನ ಕೈಲಾಗದ ಕೆಲಸ. ತಳದಲ್ಲಿ ಒಂದು ಬೆರಳಷ್ಟಾದರೂ ಉಳಿದಿರಬೇಕು. ಉಳಿಯದಿದ್ದರೆ ಆ ದಿನವೆಲ್ಲ ಏನನ್ನೋ ಮರೆತು ಬಂದವಳ ಹಾಗೆ ಮನೆ ತುಂಬ ಓಡಾಡುತ್ತೇನೆ. ನಮ್ಮ ಯಜಮಾನರು ಇದನ್ನು ಕಂಡು ನಗುತ್ತಾರೆ. ನಗಲಿ. ನಾನು ಇದನ್ನು ಕಲಿತದ್ದು ಅವರು ಹುಟ್ಟಿದ ಮನೆಯಲ್ಲೇ, ಅವರ ತಾಯಿಯ ಕೈಕೆಳಗೇ.

ಈಗ ಈ ಮಾತು ಬರಲು ಕಾರಣ ಹೊಸಪೇಟೆಯ ನಮ್ಮ ಮನೆಯ ಮುಂದಿನ ಕಟ್ಟೆ. ಸಂಜೆಯಾದರೆ ಅಲ್ಲಿ ನಾಲ್ಕು ಜನ ಸೇರುತ್ತಾರೆ. ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ಚೀಟಿ ಹಿಡಿದು ನಿಲ್ಲಬೇಕಾಗಿದೆ. ಮೋಟಾರು ಇದ್ದವರ ಮೋಟಾರುಗಳೆಲ್ಲ ಹಳೆಯ ಸೀರೆ ಹೊದ್ದುಕೊಂಡು ಮನೆಯಲ್ಲೇ ಕುಳಿತಿವೆ. ಓಡಿಸಲಾಗದ ಕಾಲದಲ್ಲೇ ಮೋಟಾರಿನ ಮಾತು ಹೆಚ್ಚು. ಮೊನ್ನೆ ನಡೆದ ಚರ್ಚೆಯಂತೂ ಪಂಚಾಯ್ತಿಯ ಮಟ್ಟಕ್ಕೆ ಏರಿತು: ಹೊಸ ಗಾಡಿಗೆ ಎಂಜಿನ್ನಿನ ಎಣ್ಣೆಯನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು? ಒಬ್ಬರು ಸಾವಿರ ಮೈಲಿಗೊಮ್ಮೆ ಎಂದರು. ಇನ್ನೊಬ್ಬರು, ಅದೆಲ್ಲ ಎಣ್ಣೆ ಮಾರುವವರು ಹುಟ್ಟಿಸಿದ ಮಾತು, ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ನಾವು ಎರೆದುಕೊಳ್ಳುವಾಗ ಅದಕ್ಕೂ ಎರೆದರೆ ಸಾಕು ಎಂದರು. ಮೂರನೆಯವರಿಗೆ ಮೋಟಾರೇ ಇಲ್ಲ. ಅವರ ಅಭಿಪ್ರಾಯ ಎಲ್ಲರಿಗಿಂತ ಖಚಿತವಾಗಿತ್ತು. ನಾನು ಬಾಗಿಲ ಹಿಂದೆ ಮಂಡಕ್ಕಿಗೆ ಒಗ್ಗರಣೆ ಕಲಸುತ್ತ ಬಾಯಿ ಬಿಗಿಹಿಡಿದು ನಿಂತಿದ್ದೆ. ಮೋಟಾರಿನ ವಿಷಯದಲ್ಲಿ ಹೆಂಗಸರನ್ನು ಯಾರೂ ಕೇಳುವುದಿಲ್ಲ. ಕಟ್ಟೆಯ ಮೇಲೆ ಹೇಳಲಾಗದ್ದನ್ನು ಕಾಗದದ ಮೇಲೆ ನಿಮಗಾದರೂ ಹೇಳಿಬಿಡುತ್ತೇನೆ.

ಮೊದಲು ಒಂದು ಸಂಗತಿ ಯೋಚಿಸಿ. ಎಣ್ಣೆಯನ್ನು ಬದಲಾಯಿಸುವುದು ಎಂಬ ಮಾತೇ ನಮ್ಮಲ್ಲಿ ಇರಲಿಲ್ಲ. ನಾವು ಎಣ್ಣೆಯನ್ನು ಹಾಕುತ್ತೇವೆ, ಹಚ್ಚುತ್ತೇವೆ, ಎರೆಯುತ್ತೇವೆ, ಸವರುತ್ತೇವೆ. ಉಪ್ಪಿನಕಾಯಿಯ ಮೇಲೆ ಎಣ್ಣೆ ಇಳಿದರೆ ಮತ್ತಷ್ಟು ಸುರಿಯುತ್ತೇವೆ. ನಂದಾದೀಪದಲ್ಲಿ ಇಳಿದರೆ ಮತ್ತಷ್ಟು. ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ಉರಿಯುವ ದೀಪವನ್ನು ನೋಡುವಾಗಲೆಲ್ಲ ನನಗೊಂದು ಬೆರಗು. ಆ ಹಣತೆಯ ತಳದಲ್ಲಿ ಯಾವ ಕಾಲದ ಎಣ್ಣೆ ಇದ್ದೀತು? ದಿನವೂ ಹೊಸದು ಬೀಳುತ್ತದೆ, ದಿನವೂ ಹಳೆಯದು ಉರಿಯುತ್ತದೆ. ಅರಸರ ಕಾಲದಲ್ಲಿ ಯಾವಳೋ ಗಾಣಿಗರ ಮುದುಕಿ ಹರಕೆ ಹೊತ್ತು ತಂದು ಎರೆದ ಎಣ್ಣೆಯ ಒಂದು ಹನಿ, ಬತ್ತಿಯ ಕಣ್ಣು ತಪ್ಪಿಸಿಕೊಂಡು, ಇನ್ನೂ ಅಲ್ಲಿಯೇ ಇರಬಹುದಲ್ಲ! ಲೆಕ್ಕ ಬಲ್ಲ ನಮ್ಮ ಯಜಮಾನರು ಅದು ಸಾಧ್ಯವಿಲ್ಲ ಎನ್ನುತ್ತಾರೆ. ಆದರೆ ಆಣೆ ಇಟ್ಟು ಹೇಳಿ ಎಂದರೆ ಅವರೂ ಹಿಂಜರಿಯುತ್ತಾರೆ.

ನಾನು ಕಂಪ್ಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಅಡುಗೆಮನೆಯಿಂದಲೇ "ಅತ್ತೀ, ಎಣ್ಣಿ ತೀರಿತು" ಎಂದು ಕೂಗಿದ್ದೆ. ಅತ್ತೆ ಎದ್ದು ಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. "ತೀರಿತು ಅನಬಾರದವ್ವ, ಎಣ್ಣಿ ಹೆಚ್ಚಿತು ಅನಬೇಕು" ಎಂದು ಕಲಿಸಿದರು. ದೀಪ ಆರಿಸು ಅನ್ನುವಂತಿಲ್ಲ, ದೊಡ್ಡದು ಮಾಡು ಅನ್ನಬೇಕು. ಅಕ್ಕಿಯ ವಾಡೆಯ ತಳ ಕಾಣಬಾರದು. ನೀರಿನ ಕೊಡವನ್ನು ಬೋರಲು ಹಾಕಬಾರದು. ಅದರಲ್ಲೂ ಮನೆಯ ಹೆಣ್ಣುಮಗಳು ಬಸುರಿಯಾಗಿದ್ದರೆ ಯಾವ ಪಾತ್ರೆಯನ್ನೂ ಬರಿದು ಮಾಡುವ ಹಾಗೇ ಇಲ್ಲ. ಆ ಮನೆಯಲ್ಲಿ ತುಂಬಿದ್ದು ತುಂಬಿಯೇ ಇರಬೇಕು. ಅತ್ತೆಯ ರಾಜ್ಯದಲ್ಲಿ ಇದು ಕಾಯಿದೆ. ಮದರಾಸಿನ ಸರ್ಕಾರದ ಕಾಯಿದೆಗಳಿಗಾದರೂ ವಿನಾಯಿತಿ ಇತ್ತು, ಇದಕ್ಕೆ ಇರಲಿಲ್ಲ.

ಇನ್ನು ನನ್ನ ಮಾವನವರು. ನಮ್ಮದು ಅಕ್ಕಿ ಗಿರಣಿಯ ಮನೆಯೇನೋ ನಿಜ, ಆದರೆ ಗಿರಣಿಗೆ ಮೊದಲು ಅವರದು ಬಂಡಿಯ ವ್ಯಾಪಾರ. ಕಂಪ್ಲಿಯ ಬೆಲ್ಲ, ಭತ್ತ ಹೇರಿಕೊಂಡು ಹೊಸಪೇಟೆಗೆ ಹೋಗುವ ಬಂಡಿಗಳ ಸಾಲಿನಲ್ಲಿ ಮುಂದಿನ ಬಂಡಿ ಯಾವಾಗಲೂ ಅವರದೇ. ದೊಡ್ಡ ಸಾಹುಕಾರರಾದ ಮೇಲೂ ಅವರ ಬಲಗೈ ತೋರುಬೆರಳು ಕಪ್ಪಾಗಿಯೇ ಇರುತ್ತಿತ್ತು, ಕೀಲೆಣ್ಣೆಯಿಂದ. ಯಾರ ಮನೆಯ ಮುಂದೆ ಬಂಡಿ ನಿಂತಿದ್ದರೂ ಹೋಗಿ, ಗಾಲಿಯ ನಡುವಿನ ಗುಂಬಕ್ಕೆ ಬೆರಳು ಹಾಕಿ, ಅಚ್ಚಿಗೆ ಹಚ್ಚಿದ ಎಣ್ಣೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡುವರು. ಕರ್ರಗೆ, ಮಂದವಾಗಿ, ಅಂಟಂಟಾಗಿ ಇದ್ದರೆ ಅವರಿಗೆ ಸಂತೋಷ. ಕರ್ರಗಾದ ಕೀಲೆಣ್ಣೆ ಹದಕ್ಕೆ ಬಂದದ್ದು ಎಂದು ಅವರ ನಂಬಿಕೆ. ಎತ್ತಿನ ಹೆಗಲು ಹುಣ್ಣಾದರೆ ಅದನ್ನೇ ಹಚ್ಚುತ್ತಿದ್ದರು. ಒಮ್ಮೆ ನನ್ನ ಕಾಲಿನ ಒಡಕಿಗೂ ಹಚ್ಚಿಕೋ ಎಂದಿದ್ದರು. ನಾನು ಹಚ್ಚಿಕೊಳ್ಳಲಿಲ್ಲ, ಆದರೆ ಹಚ್ಚಿಕೊಂಡೆ ಎಂದೆ. ಒಡಕು ತಾನಾಗಿಯೇ ಹೋಯಿತು, ಕೀರ್ತಿ ಕೀಲೆಣ್ಣೆಗೆ ಹೋಯಿತು.

ಇಂಥವರು ಒಂದು ದಿನ ಬಳ್ಳಾರಿಗೆ ಹೋಗಿ ಮೋಟಾರು ತಂದರು. ಊರಿನವರೆಲ್ಲ ಇದು ಡೌಲಿಗೆ ತಂದದ್ದು ಎಂದುಕೊಂಡರು. ನಮಗೆ ಗೊತ್ತಿತ್ತು, ಡೌಲಿಗಲ್ಲ. ಮಾವನವರ ಒಬ್ಬಳೇ ಮಗಳು ಗೌರಮ್ಮನನ್ನು ಸಂಡೂರಿಗೆ ಕೊಟ್ಟಿತ್ತು. ಚೊಚ್ಚಲ ಬಾಣಂತನಕ್ಕೆ ಅವಳನ್ನು ತವರಿಗೆ ಕರೆತರಲು ಮಾವನವರು ತಾವೇ ಬಂಡಿ ಹೂಡಿಕೊಂಡು ಹೋಗಿದ್ದರು. ಮೆತ್ತಗೆ ಹುಲ್ಲು ಹಾಸಿ, ಮೇಲೆ ಗಾದಿ ಹಾಸಿ, ಎತ್ತುಗಳನ್ನು ನಡಿಗೆಯಲ್ಲೇ ಬಿಟ್ಟಿದ್ದರು. ಆದರೂ ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ ಗಾಲಿ ಒಂದು ಕಲ್ಲು ಹತ್ತಿ ದಡಕ್ಕನೆ ಇಳಿಯಿತು. ಮನೆ ಸೇರುವ ಹೊತ್ತಿಗೆ ಅವಳಿಗೆ ನೋವು ಬಂದು, ದಿನ ತುಂಬದ ಮಗು ಹುಟ್ಟಿ, ಉಳಿಯಲಿಲ್ಲ. ಬಂಡಿಗೂ ಅದಕ್ಕೂ ಸಂಬಂಧವಿಲ್ಲ, ಆಗುವುದು ಹೇಗಿದ್ದರೂ ಆಗುತ್ತಿತ್ತು ಎಂದು ಸೂಲಗಿತ್ತಿ ಹೇಳಿದಳು. ಮಾವನವರು ಕೇಳಿಸಿಕೊಂಡರು. ಅಂದಿನಿಂದ ಅವರು ಬಂಡಿ ಹತ್ತಲಿಲ್ಲ. ಈಗ ಗೌರಮ್ಮ ಮತ್ತೆ ಬಸುರಿ ಎಂಬ ಸುದ್ದಿ ಬಂದ ಕೂಡಲೇ ಬಳ್ಳಾರಿಗೆ ಹೊರಟಿದ್ದರು.

ಮೋಟಾರು ಬಂದ ದಿನ ನಮ್ಮ ಓಣಿಯ ಮಂದಿ ಅದನ್ನು ನೋಡಿದ್ದನ್ನು ನೀವು ನೋಡಬೇಕಿತ್ತು. ತಿಪ್ಪಣ್ಣ, ಅಂದರೆ ನಮ್ಮ ಮನೆಯ ಹಳೆಯ ಬಂಡಿಕಾರ, ಬಳ್ಳಾರಿಯಲ್ಲಿ ನಾಲ್ಕು ದಿನ ಓಡಿಸುವುದು ಕಲಿತು ಚಾಲಕನಾಗಿ ಬಂದಿದ್ದ. ತಿರುವಿನಲ್ಲಿ ಅವನು ಇನ್ನೂ ಬಾಯಲ್ಲಿ "ಹೋ, ಹೋ" ಎನ್ನುತ್ತಿದ್ದ. ಮುಂದಿನ ಮುಚ್ಚಳ ಎತ್ತಿ ಎಂಜಿನ್ನು ತೋರಿಸಿದಾಗ ಅತ್ತೆ ಆರತಿಯ ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದರು. ಒಳಗೆ ಬೆಂಕಿ ಹೊತ್ತಿ ಹೊತ್ತಿ ಆರುತ್ತದೆ, ಅದರಿಂದಲೇ ಗಾಡಿ ಓಡುತ್ತದೆ, ಅದರ ಪಕ್ಕದಲ್ಲೇ ಎಣ್ಣೆ ತುಂಬಿರುತ್ತದೆ ಎಂದು ನಮ್ಮ ಯಜಮಾನರು ವಿವರಿಸಿದರು. "ಬೆಂಕಿ ಐತಿ, ಎಣ್ಣಿ ಐತಿ, ಮತ್ತ ಎಣ್ಣಿ ಹತ್ತಿಕೊಳ್ಳಂಗಿಲ್ಲೇನು?" ಎಂದು ಅತ್ತೆ ಕೇಳಿದರು. ಇಲ್ಲ ಎಂದರು. ಅತ್ತೆ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಎಂಜಿನ್ನಿಗೆ ಕೈಮುಗಿದರು. ಜೀವಮಾನವೆಲ್ಲ ಒಲೆಯ ಮುಂದೆ ಎಣ್ಣೆ ಕಾಯಿಸಿದವರಿಗೇ ಅದರ ಆಶ್ಚರ್ಯ ತಿಳಿಯುವುದು. ನನಗೆ ಇವತ್ತಿಗೂ ಅದು ಅರ್ಥವಾಗಿಲ್ಲ, ಅರ್ಥವಾಗದಿದ್ದರೂ ಮೋಟಾರು ಹತ್ತಿ ಕೂರುತ್ತೇನೆ.

ಹೊಸದೇನು ಬಂದರೂ ವಿರೂಪಾಕ್ಷನಿಗೆ ತೋರಿಸದೆ ನಮ್ಮಲ್ಲಿ ಬಳಸುವುದಿಲ್ಲ. ಹಂಪಿ ಬಜಾರದ ಕಲ್ಲು ಮಂಟಪಗಳ ನಡುವೆ ಮೋಟಾರನ್ನು ನಿಲ್ಲಿಸಿ ಪೂಜೆ ಮಾಡಿಸಿದೆವು. ಹಣೆ ಯಾವುದೆಂದು ಪೂಜಾರಿಗೆ ತಿಳಿಯದೆ ಎರಡು ದೀಪಗಳ ನಡುವೆ ಒಂದು ಅಂದಾಜಿನ ಮೇಲೆ ಕುಂಕುಮ ಹಚ್ಚಿದರು. ಆಮೇಲೆ ಹೊಳೆಯ ದಂಡೆ ಹಿಡಿದು ವಿಠ್ಠಲನ ಗುಡಿಗೆ ನಡೆದೆವು. ಅಲ್ಲಿಯ ಕಲ್ಲಿನ ರಥವನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ; ಮಾವನವರು ಕುಕ್ಕರುಗಾಲಿನಲ್ಲಿ ಕುಳಿತು ಬಗ್ಗಿ ಅಡಿಯಲ್ಲಿ ನೋಡಿದರು. ಕಲ್ಲಿನ ಅಚ್ಚು, ಅದಕ್ಕೆ ಕಲ್ಲಿನ ಗಾಲಿ. ತಮ್ಮ ಕಪ್ಪು ಬೆರಳನ್ನು ಒಳಗೆ ಆಡಿಸಿ, "ಇದಕ್ಕೂ ಎಣ್ಣಿ ಹಾಕ್ಯಾರವ್ವ" ಎಂದರು. ಹೌದೋ ಅಲ್ಲವೋ, ಜಿಡ್ಡಿನ ಕಲೆಯಂಥದ್ದು ಅಲ್ಲಿತ್ತು. ಎಲ್ಲಿಗೂ ಹೋಗದ ರಥಕ್ಕೂ ಯಾರೋ ಒಬ್ಬ ಕೀಲೆಣ್ಣೆ ಹಚ್ಚಿದ್ದನೆಂದರೆ ಅವನು ನಮ್ಮ ಮಾವನವರ ವಂಶದವನೇ ಇರಬೇಕು.

ಮೋಟಾರು ಮಾರಿದ ಬಳ್ಳಾರಿಯವರು ಒಂದು ಮಾತು ಒತ್ತಿ ಹೇಳಿದ್ದರು: "ಮೊದಲಿನ ಐನೂರು ಮೈಲಿಗೆ ಎಣ್ಣಿ ಪೂರಾ ಇಳಸ್ರಿ. ಹೊಸಾ ಗಾಡೀಗೇ ಜಲ್ದಿ ಇಳಸಬೇಕು. ಆಮ್ಯಾಲ ಸಾವಿರಕ್ಕೊಮ್ಮೆ ಇಳಿಸಿದ್ರೂ ನಡೀತೈತಿ." ಮಾವನವರಿಗೆ ಇದು ತಲೆಕೆಳಗಾದ ಮಾತಾಗಿ ಕಂಡಿತು. ಹಳೆಯ ಗಾಡಿಗೆ ಹೊಸ ಎಣ್ಣೆ ಬೇಕು ಎಂದರೆ ಒಪ್ಪಬಹುದು. ಹೊಚ್ಚ ಹೊಸ ಗಾಡಿ, ಅದರಲ್ಲಿ ಹೊಚ್ಚ ಹೊಸ ಎಣ್ಣೆ, ಅದನ್ನೇ ಎಲ್ಲಕ್ಕಿಂತ ಮೊದಲು ತೆಗೆದು ಚೆಲ್ಲು ಎಂದರೆ? ಎಣ್ಣೆ ಈಗಷ್ಟೇ ಕಪ್ಪಾಗುತ್ತ ಬಂದಿದೆ, ಹದಕ್ಕೆ ಬರುತ್ತಿದೆ, ಈಗ ತೆಗೆಯುವುದೇ? ಅತ್ತೆಗಂತೂ ವಾದವೇ ಬೇಕಿರಲಿಲ್ಲ. ತುಂಬು ಬಸುರಿ ಮಗಳನ್ನು ಕರೆತರಬೇಕಾದ ಗಾಡಿ; ಅದರ ಹೊಟ್ಟೆಯನ್ನು ಬರಿದು ಮಾಡುವ ಮಾತು ಬಾಯಲ್ಲಿ ಬರಕೂಡದು. ನಮ್ಮ ಯಜಮಾನರು ಒಂದೆರಡು ಸಲ ಬಳ್ಳಾರಿಯವರ ಪಕ್ಷ ವಹಿಸಿ ನೋಡಿದರು, ಊಟಕ್ಕೆ ಕೂತಾಗ ಅವರಿಗೆ ತುಪ್ಪ ಕಡಿಮೆ ಬೀಳತೊಡಗಿತು, ಸುಮ್ಮನಾದರು. ಒಟ್ಟಿನಲ್ಲಿ ಅತ್ತೆ ಮಾವ ಬೇರೆ ಬೇರೆ ದಾರಿಯಿಂದ ಬಂದು ಒಂದೇ ತೀರ್ಮಾನ ಸೇರಿದರು. ಎಣ್ಣೆ ಇಳಿದಷ್ಟು ಮೇಲಿಂದ ಎರೆಯುವುದು. ತೆಗೆಯುವುದು ಮಾತ್ರ ಇಲ್ಲ. ಹಾಗೆ ಎರೆಯಲೆಂದೇ ಎಣ್ಣೆಯ ತಗಡಿನ ಡಬ್ಬಿಗಳನ್ನು ತರಿಸಿ ಗಾಡಿಯ ಹಿಂದೆ ಇಡಿಸಿದರು.

ಐನೂರು ಮೈಲಿ ಯಾವಾಗ ದಾಟಿತೋ ಯಾರಿಗೂ ತಿಳಿಯದು. ಮಾವನವರು ದಾರಿಯನ್ನು ಹರದಾರಿಯಲ್ಲಿ ಎಣಿಸುವವರು. ಗಾಡಿ ನೋಡಬೇಕೆಂದ ಬೀಗರ ಊರುಗಳಿಗೆಲ್ಲ ಹೋಗಿ ಬಂದಾಗಿತ್ತು, ಹೊಸಪೇಟೆಯ ಸಂತೆಗೂ ಹಂಪಿಗೂ ಲೆಕ್ಕವಿಲ್ಲದಷ್ಟು ಸಲ. ಎಂಜಿನ್ನಿನೊಳಗೆ ಕಡ್ಡಿ ಅದ್ದಿ ನೋಡಿದಾಗಲೆಲ್ಲ ಎಣ್ಣೆ ಇನ್ನಷ್ಟು ಕಪ್ಪಾಗಿರುತ್ತಿತ್ತು. ಮಾವನವರು ಸಂತೋಷದಿಂದ ತಲೆದೂಗುತ್ತಿದ್ದರು.

ಗೌರಮ್ಮನನ್ನು ಕರೆಯಲು ಒಳ್ಳೆಯ ದಿನ ನೋಡಿ ಹೊರಟೆವು. ಮುಂದೆ ಮಾವನವರು ಮತ್ತು ತಿಪ್ಪಣ್ಣ, ಹಿಂದೆ ಅತ್ತೆ ಮತ್ತು ನಾನು, ನಮ್ಮ ನಡುವೆ ಉಡಿ ತುಂಬುವ ಅಕ್ಕಿ, ಕೊಬ್ಬರಿ, ಖಣ, ಬುತ್ತಿಯ ಗಂಟು. ಹೊಸಪೇಟೆ ದಾಟಿ ಸಂಡೂರಿನ ಗುಡ್ಡ ಹತ್ತುವವರೆಗೆ ಎಲ್ಲ ಚೆನ್ನಾಗಿತ್ತು. ಆ ದಾರಿಯ ಮಣ್ಣು ನಿಮಗೆ ಗೊತ್ತಲ್ಲ, ಕುಂಕುಮದ ಹಾಗೆ ಕೆಂಪು, ಸೀರೆಗೆ ಹತ್ತಿದರೆ ಮೂರು ಒಗೆತಕ್ಕೂ ಬಿಡುವುದಿಲ್ಲ. ಏರು ಅರ್ಧ ಹತ್ತಿರಬಹುದು, ಎಂಜಿನ್ನಿನೊಳಗೆ ಯಾರೋ ಒರಳಿಗೆ ಗುಂಡುಕಲ್ಲು ಹಾಕಿ ಕುಟ್ಟುತ್ತಿರುವ ಹಾಗೆ ಸದ್ದು ಶುರುವಾಯಿತು. ಸುಟ್ಟ ವಾಸನೆ ಬಂತು. ತಿಪ್ಪಣ್ಣ ಗಾಡಿ ನಿಲ್ಲಿಸಿ, ಕೆಳಗಿಳಿದು, ಅದರ ಮುಂದಲೆಯನ್ನು ಎತ್ತಿನ ಹಣೆ ಸವರುವ ಹಾಗೆ ಸವರಲು ಹೋಗಿ, ಕೈ ಸುಟ್ಟುಕೊಂಡು, "ಸಾವ್ಕಾರ್ರ, ಇದರ ಉಸುರು ಸರಿ ಇಲ್ರಿ" ಎಂದ.

ಗುಡ್ಡದ ಮೇಲೆ ನಾವು ನಾಲ್ವರೇ. ಅತ್ತೆ, ಹೊರಡುವಾಗ ಯಾರೋ ಸೀನಿದ್ದರು ಎಂದು ನೆನಪು ಮಾಡಿಕೊಂಡರು. ತಿಪ್ಪಣ್ಣ ಎಂಜಿನ್ನು ತಣಿಸುವ ಮುಂದಿನ ಡಬ್ಬಕ್ಕೆ ನೀರು ಕುಡಿಸಿದ. ಗಾಡಿ ತಣ್ಣಗಾಗುವ ತನಕ ಬೇವಿನ ಗಿಡದ ನೆರಳಿಗೆ ಕುಳಿತೆವು. ಮಾವನವರು ಮಾತ್ರ ಕೂರಲಿಲ್ಲ. ಅವರು ನೋಡುತ್ತಿದ್ದುದು ಗಾಡಿಯನ್ನಲ್ಲ, ದಾರಿಯನ್ನು. ಬಂಡಿಯ ಗಾಲಿ ಅಂದು ದಡಕ್ಕೆಂದದ್ದು ಅಲ್ಲೆಲ್ಲೋ ಮುಂದೆಯೇ ಎಂದು ನನಗೆ ಆಮೇಲೆ ಹೊಳೆಯಿತು.

ಕಡೆಗೆ ಅವರು ಎಣ್ಣೆ ನೋಡುವ ಕಡ್ಡಿ ಎಳೆದರು. ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ತಿಕ್ಕಿದರು. ಮತ್ತೆ ತಿಕ್ಕಿದರು. ಆ ಬೆರಳಿನ ಮೇಲೆ ಅವರಿಗೆ ಕಣ್ಣಿಗಿಂತ ಹೆಚ್ಚು ನಂಬಿಕೆ. ಅಂಗೈಯಲ್ಲಿ ಇನ್ನಷ್ಟು ಹನಿ ಹಾಕಿಕೊಂಡು, ತೆಳ್ಳಗೆ ಸವರಿ, ಬಿಸಿಲಿಗೆ ಹಿಡಿದು ನನ್ನನ್ನು ಕರೆದರು.

"ಯವ್ವಾ, ಇಲ್ಲಿ ಬಾ. ನನ್ನ ಕಣ್ಣು ಮೊದಲಿನಂಗಿಲ್ಲ. ಇದರಾಗ ಏನರ ಮಿಣಿಮಿಣಿ ಅಂತೈತೇನು ನೋಡು."

ನೋಡಿದೆ. ಆ ಕಪ್ಪಿನೊಳಗೆ ಬೆಳ್ಳಿಯ ಪುಡಿ ಇತ್ತು. ಹೊಸ ಸೀರೆಯ ಜರಿಯನ್ನು ಯಾರೋ ನುಣ್ಣಗೆ ಅರೆದು ಕಲಸಿದ್ದರೇನೋ ಅನ್ನುವ ಹಾಗೆ, ಅವರ ಅಂಗೈ ಅಲುಗಿದಾಗಲೆಲ್ಲ ಮಿಣಿಮಿಣಿ ಎನ್ನುತ್ತಿತ್ತು. ಹೌದು ಮಾವಾರ, ಹೊಳಿತೈತಿ ಎಂದೆ. ಅವರು ಬಗ್ಗಿ ಇನ್ನೊಂದು ಕೈಯಲ್ಲಿ ದಾರಿಯ ಕೆಂಪು ಮಣ್ಣನ್ನು ಒಂದು ಚಿಟಿಕೆ ಎತ್ತಿಕೊಂಡು ಅದನ್ನೂ ಬಿಸಿಲಿಗೆ ಹಿಡಿದರು. ಅದರಲ್ಲೂ ಅಂಥದೇ ಮಿನುಗು. ಆ ಗುಡ್ಡ ಪೂರಾ ಕಬ್ಬಿಣವೆಂದು ಎಲ್ಲರೂ ಹೇಳುತ್ತಾರೆ, ನಾನು ಕಣ್ಣಾರೆ ಕಂಡದ್ದು ಅಂದೇ.

"ಮಣ್ಣಾಗೂ ಕಬ್ಬಿಣ, ಎಣ್ಣ್ಯಾಗೂ ಕಬ್ಬಿಣ" ಎಂದರು ಮಾವನವರು ಮೆಲ್ಲಗೆ. "ಒಳಗ ಗಾಡಿ ತನ್ನನ್ನ ತಾನ ತಿಂತಾ ಐತವ್ವ. ಹೊಸಾ ಬಂಡಿ ಅಚ್ಚಿಗೆ ನಮ್ಮಪ್ಪ ಏನು ಮಾಡ್ತಿದ್ದ ಗೊತ್ತೈತೇನು? ಸಂತಿಗೆ ಹೋಗಿ ಬಂದ ಕೂಡ್ಲೆ ಗಾಲಿ ಕಳಚಿ, ಕೀಲೆಣ್ಣಿ ಎಲ್ಲಾ ಒರೆಸಿ ಒಗದು, ಹೊಸಾದು ಹಚ್ಚತಿದ್ದ. ಅಚ್ಚಿಗೂ ಗುಂಬಕ್ಕೂ ಹೊಂದಿಕಿ ಆಗೋ ತನಕ ಹಂಗ ಮಾಡ್ತಿದ್ದ. ಹೊಂದಿಕಿ ಆದಮ್ಯಾಲ ಕರೇ ಎಣ್ಣಿ ಇದ್ರೂ ನಡೀತಿತ್ತು. ನಾ ಬರೇ ಆಮ್ಯಾಲಿಂದು ನೆನಪಿಟ್ಟೀನಿ."

ನನಗೆ ಅಂದು ಆದ ಬೆರಗನ್ನು ಹೇಗೆ ಹೇಳಲಿ? ದೂರದ ದೇಶದಲ್ಲಿ ಯಂತ್ರವೇ ಕಡೆದು, ಯಂತ್ರವೇ ಉಜ್ಜಿ, ಹಡಗು ಹತ್ತಿಸಿ ಕಳಿಸಿದ ಕಬ್ಬಿಣ. ಕಣ್ಣಿಗೆ ಕನ್ನಡಿಯ ಹಾಗೆ ನುಣುಪು. ಆದರೆ ಒಂದು ತುಂಡು ಇನ್ನೊಂದರ ಪಕ್ಕದಲ್ಲಿ ಇನ್ನೂ ಬಾಳಿಲ್ಲ. ಬಾಳಲು ಶುರು ಮಾಡಿದ ಮೇಲೇ ಎಲ್ಲಿ ಏಣು ಎಲ್ಲಿ ಮುಳ್ಳು ಎಂದು ತಿಳಿಯುವುದು. ಒಂದನ್ನೊಂದು ಉಜ್ಜಿ, ಒಂದಿಷ್ಟು ತನ್ನದನ್ನು ಕಳೆದುಕೊಂಡು, ಒಂದರ ಆಕಾರಕ್ಕೆ ಇನ್ನೊಂದು ಬರಬೇಕು. ಆ ಕಳೆದುಕೊಂಡದ್ದನ್ನೆಲ್ಲ ಹೊತ್ತು ನಿಂತದ್ದು ಎಣ್ಣೆ. ನಾವು ಅದರ ಕಪ್ಪನ್ನು ಹದ ಎಂದು ಹೊಗಳುತ್ತಿದ್ದೆವು. ಹೊಸದರಲ್ಲೇ ಎಲ್ಲಕ್ಕಿಂತ ಹೆಚ್ಚು ಸವೆಯುವುದು ಎಂದು ತಿಳಿದಾಗ ನನಗೆ ನನ್ನ ಮದುವೆಯ ಮೊದಲ ವರ್ಷ ನೆನಪಾಗಿ ನಗು ಬಂತು. ಅಂಥ ಹೊತ್ತಿನಲ್ಲಿ ನಗಬಾರದು, ಸೆರಗು ಬಾಯಿಗೆ ಒತ್ತಿಕೊಂಡೆ.

ಎಣ್ಣೆ ಪೂರಾ ಇಳಿಸಬೇಕು ಎಂದು ಮಾವನವರು ತಿಪ್ಪಣ್ಣನಿಗೆ ಹೇಳಿದ್ದೇ ತಡ, ಅತ್ತೆ ನೆರಳಿನಿಂದ ಎದ್ದು ಬಂದರು.

"ಬಸುರಿ ಮಗಳನ್ನ ಕರಿಯಾಕ ಹೊಂಟ ಗಾಡಿ ಹೊಟ್ಟಿ ಬರಿದು ಮಾಡ್ತೀರೇನ್ರಿ, ಅದೂ ನಡುದಾರ್ಯಾಗ? ನಾ ಒಪ್ಪಂಗಿಲ್ಲ. ಇದೊಂದು ಸಲ ಹಿಂಗ ಹೋಗಿ ಬರೋಣು, ಮನಿಗೆ ಹೋಗಿ ಏನರ ಮಾಡ್ರಿ."

ಮಾವನವರು ಅಂಗೈಯನ್ನು ಅವರ ಮುಂದೆ ಹಿಡಿದರು. ಅತ್ತೆ ನೋಡಿದರು.

"ಹೋದ ಸಲ ಬಂಡಿ ನಾನ ಹೊಡದಿದ್ದೆ" ಎಂದರು ಮಾವನವರು. "ಕಲ್ಲು ಕಾಣಲಿಲ್ಲ ನನಗ. ಈಗ ಕಂಡೈತಿ. ಕಂಡೂ ಕಂಡೂ ಆಕೀನ್ನ ಇದರಾಗ ಕುಂದ್ರಸಲೇನು?"

ಮಗು ಹೋದ ಮೇಲೆ ಅವರು ಆ ಬಂಡಿಯ ಮಾತೆತ್ತಿದ್ದು ಅದೇ ಮೊದಲು. ತಿಪ್ಪಣ್ಣ ಮುಖ ಆಚೆ ತಿರುಗಿಸಿಕೊಂಡು ಗುಡ್ಡ ನೋಡತೊಡಗಿದ. ಅತ್ತೆ ಸೆರಗಿನ ತುದಿಯಿಂದ ಗಂಡನ ಅಂಗೈಯನ್ನು ಒರೆಸಿದರು. ಹಬ್ಬದ ಸೀರೆ ಅದು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಯ ಕೆಲಸ ಹೇಳುವ ದನಿಯಲ್ಲೇ ಹೇಳಿದರು: "ಬರಿದು ಮಾಡಬ್ಯಾಡ್ರಿ. ಡಬ್ಬಿ ಇತ್ತಾಗ ತರ್ರಿ. ಮ್ಯಾಲಿಂದ ಹೊಸಾದು ನಾ ಎರೀತಿರತೀನಿ, ಕೆಳಗಿಂದ ಹಳೇದು 'ಹೆಚ್ಚಲಿ'. ನಂದಾದೀಪ ತೊಳಿಯೋವಾಗ ಹಂಗೇ ಅಲ್ಲೇನು? ಹೊಸಾ ದೀಪ ಹಚ್ಚಿಕೆಂಡಮ್ಯಾಲ ಹಳೇದು ಇಳಸತೀವಿ."

ಸಂಡೂರಿನ ಗುಡ್ಡದ ಮೇಲೆ ಅಂದು ನಡೆದಂಥ ಪೂಜೆ ಎಲ್ಲಿಯೂ ನಡೆದಿರಲಾರದು. ತಿಪ್ಪಣ್ಣ ಬಕೆಟ್ಟು ಹಿಡಿದು ಗಾಡಿಯ ಅಡಿಗೆ ತೂರಿ ತಿರುಪು ಬಿಚ್ಚಿದ. ಅತ್ತೆ ಮೇಲೆ ನಿಂತು, ಅಭಿಷೇಕಕ್ಕೆ ಎರೆಯುವ ಹಾಗೆ ಸಣ್ಣ ಧಾರೆಯಾಗಿ ಹೊಸ ಎಣ್ಣೆ ಎರೆದರು. ಕೆಳಗೆ ಕಪ್ಪು ಎಣ್ಣೆ ಗಟ್ಟಿಯಾದ ದಾರದಂತೆ ಬಿತ್ತು. ನಾನು ಮಣ್ಣಿನ ಮೇಲೇ ಕುಳಿತು ನೋಡುತ್ತಿದ್ದೆ. ದಾರ ತೆಳ್ಳಗಾಯಿತು, ಕಪ್ಪು ಕಂದಾಯಿತು, ಕಂದು ಹೋಗಿ ಜೇನಿನ ಬಣ್ಣಕ್ಕೆ ತಿರುಗಿತು. ಕಡೆಗೆ ಮೇಲಿನಿಂದ ಬಿದ್ದದ್ದೂ ಕೆಳಗಿನಿಂದ ಬಂದದ್ದೂ ಒಂದೇ ಬಣ್ಣವಾಯಿತು. "ಸಾಕು, ಮುಚ್ಚು" ಎಂದರು ಅತ್ತೆ. ತಿರುಪು ಬಿಗಿದ ಮೇಲೆ ಕಡ್ಡಿಯ ಗುರುತಿನ ತನಕ ಎರೆದು ತುಂಬಿಸಿದರು. ಒಂದು ಗಳಿಗೆಯೂ ಹೊಟ್ಟೆ ಬರಿದಾಗಿರಲಿಲ್ಲ. ತಳದಲ್ಲಿ ಕೂತಿದ್ದ ಪುಡಿಯನ್ನೂ ಹೊಸ ಎಣ್ಣೆ ತೊಳೆದುಕೊಂಡು ಹೋಗಿತ್ತು. ಒಮ್ಮೆಲೇ ಇಳಿಸಿದ್ದರೆ ಅಷ್ಟು ಚೊಕ್ಕಟವಾಗುತ್ತಿತ್ತೋ ಇಲ್ಲವೋ.

ಬಕೆಟ್ಟಿನ ಕಪ್ಪು ಎಣ್ಣೆಯನ್ನು ಬಂಡಿಗಾದರೂ ಆದೀತೇ ಎಂದು ತಿಪ್ಪಣ್ಣ ಕೇಳಿದ. ಯಾವ ಗಾಲಿಗೂ ಬೇಡ ಎಂದು ಮಾವನವರು ದಾರಿಯಾಚೆ ಗುಂಡಿ ತೆಗೆಸಿ, ಸುರಿಸಿ, ಮೇಲೆ ಕೆಂಪು ಮಣ್ಣು ಮುಚ್ಚಿಸಿದರು. ಗಾಡಿಯ ಕಬ್ಬಿಣ ಗುಡ್ಡದ ಕಬ್ಬಿಣಕ್ಕೆ ಸೇರಿತು. ತಿಪ್ಪಣ್ಣ ಹಿಡಿಕೆ ತಿರುಗಿಸಿದ. ಎಂಜಿನ್ನು ಒಮ್ಮೆ ಕೆಮ್ಮಿ, ಆಮೇಲೆ ಶಾಂತವಾಗಿ ಹಾಡತೊಡಗಿತು. ಎಣ್ಣೆಯಿಂದ ಸರಿಹೋಯಿತೋ, ನೀರು ಕುಡಿದು ತಣ್ಣಗಾದ್ದರಿಂದಲೋ, ಅತ್ತೆಯ ಭಯಕ್ಕೋ, ಕಟ್ಟೆಯ ಪಂಡಿತರು ಬೇಕಾದರೆ ತೀರ್ಮಾನಿಸಲಿ. ಕುಟ್ಟುವ ಸದ್ದು ಮಾತ್ರ ನಿಂತಿತ್ತು.

ಸಂಡೂರಿನಲ್ಲಿ ಗೌರಮ್ಮನಿಗೆ ಉಡಿ ತುಂಬಿ, ಊಟ ಮಾಡಿ, ಬಿಸಿಲು ಇಳಿದ ಮೇಲೆ ಹೊರಟೆವು. ಗುಡ್ಡದ ಆ ಇಳಿಜಾರು ಬಂದಾಗ ಮಾವನವರು ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದರು. ಧೋತರ ಎತ್ತಿ ಕಟ್ಟಿ ಗಾಡಿಯ ಮುಂದೆ ನಡೆಯತೊಡಗಿದರು. ಕಲ್ಲು ಕಂಡಲ್ಲಿ ಕಾಲಿನಿಂದ ಸರಿಸಿದರು, ಸರಿಯದ್ದನ್ನು ಎತ್ತಿ ಪಕ್ಕಕ್ಕಿಟ್ಟರು. ಎದುರಿನಿಂದ ಬಂದ ಬಂಡಿಯವರು, ಮೋಟಾರಿನ ಸಾಹುಕಾರ ನಡೆಯುತ್ತಿದ್ದಾನೆ, ಮೋಟಾರು ಅವನ ಹಿಂದೆ ಬರುತ್ತಿದೆ ಎಂದು ಬಾಯಿ ತೆರೆದು ನೋಡಿದರು. ಗೌರಮ್ಮ ಕಿಟಕಿಯಿಂದ ತಲೆ ಹಾಕಿ, "ಅಪ್ಪಾ, ಹತ್ತಿ ಬರ್ರಿ" ಎಂದು ಕೂಗಿದಳು.

"ನೀ ಕುಂದ್ರವ್ವ. ಇಲ್ಲಿ ಒಂದು ಕಲ್ಲೈತಿ" ಎಂದು ಅವರು ತಿರುಗಿ ನೋಡದೆ ನಡೆದರು.

ಬಳ್ಳಾರಿಯವರೆಗೆ ಹೋಗಿ ಅಷ್ಟು ವೇಗದ ವಾಹನ ತಂದವರು ಅದನ್ನು ತಮ್ಮ ಕಾಲಿನ ವೇಗಕ್ಕೇ ಓಡಿಸಿದರು. ಗೌರಮ್ಮನ ಒಂದು ಕೈ ಅತ್ತೆಯ ಕೈಯಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ. ಗಾಲಿ ಒಂದೇ ಒಂದು ಸಲವೂ ದಡಕ್ಕೆನ್ನಲಿಲ್ಲ.

ಆಮೇಲೆ ಮಾವನವರು ಎಣ್ಣೆಯ ವಿಷಯದಲ್ಲಿ ಯಾರ ಮೈಲಿಯನ್ನೂ ಕೇಳಲಿಲ್ಲ. ಕೆಲವು ದಿನ ಓಡಿಸುವುದು, ಒಂದು ಹನಿ ಅಂಗೈಗೆ ಹಾಕಿ ಬಿಸಿಲಿಗೆ ಹಿಡಿಯುವುದು. ಮಿನುಗಿದರೆ ಅತ್ತೆಗೆ ಕರೆ ಹೋಗುತ್ತಿತ್ತು. ಅತ್ತೆ ಮೇಲಿನಿಂದ ಎರೆಯುವರು, ತಿಪ್ಪಣ್ಣ ಕೆಳಗಿನಿಂದ ಬಿಡುವನು. ಸಲದಿಂದ ಸಲಕ್ಕೆ ಮಿನುಗು ಕಡಿಮೆಯಾಗುತ್ತ ಬಂತು, ಒಂದು ದಿನ ಇಲ್ಲವೇ ಇಲ್ಲ. "ಹೊಂದಿಕಿ ಆತು" ಎಂದರು. ಅಂದಿನಿಂದ ಅವರೂ ಬಳ್ಳಾರಿಯವರ ಸಾವಿರ ಮೈಲಿಗೆ ಒಪ್ಪಿಕೊಂಡರು.

ಗೌರಮ್ಮನಿಗೆ ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಮನೆಗೆ ಮನೆಯೇ ನಕ್ಕಿತು. ಮಾವನವರು ಮಾತ್ರ ಹತ್ತಿರ ಬರಲಿಲ್ಲ. ಬಾಗಿಲ ತೋಳಿಗೆ ಕೈಯಿಟ್ಟು ದೂರದಿಂದ ನೋಡುವರು, ಎತ್ತಿಕೊಳ್ಳಿ ಎಂದರೆ ಕೈ ಕೊಳೆ ಎನ್ನುವರು. ಕೈ ತೊಳೆದು ಬನ್ನಿ ಎಂದರೆ ಗಿರಣಿಯಲ್ಲಿ ಕೆಲಸ ಎನ್ನುವರು.

ಅತ್ತೆ ದಿನವೂ ಎಳೆಬಿಸಿಲಲ್ಲಿ ಹಿತ್ತಲಿನ ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದರು. ಒಂದು ಬೆಳಿಗ್ಗೆ ಮಾವನವರು ಅಲ್ಲಿ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ, "ದಿನಾ ಹಚ್ಚತೀಯಲ್ಲ, ದಿನಾ ಯಾಕ ಬೇಕು?" ಎಂದರು.

"ಹೊಸಾದಲ್ರಿ" ಎಂದರು ಅತ್ತೆ, ತಲೆ ಎತ್ತದೆ. "ಹೊಸಾದಕ್ಕ ದಿನಾ ಬೇಕು."

ಮಾವನವರು ಕುಕ್ಕರುಗಾಲಿನಲ್ಲಿ ಕುಳಿತರು, ಕಲ್ಲಿನ ರಥದ ಮುಂದೆ ಕುಳಿತ ಹಾಗೆ. ಮಗುವಿನ ಮೈಯಿಂದ ಇಳಿದು ಹಾಸುಗಲ್ಲಿಗೆ ಬಿದ್ದ ಎಣ್ಣೆಯನ್ನು ಒಂದು ಬೆರಳಿಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ತಿಕ್ಕಿದರು. ಅಂಗೈಗೆ ಸವರಿಕೊಂಡು ಬಿಸಿಲಿಗೆ ಹಿಡಿದರು. ನಾನು ನೀರಿನ ಹಂಡೆಯ ಹತ್ತಿರ ನಿಂತು ನೋಡುತ್ತಿದ್ದೆ. ಅತ್ತೆಯ ಕೈಗಳು ನಿಂತವು. ಅವರು ಅಂಗೈಯನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿ, ಕಡೆಗೆ ನನ್ನನ್ನು ಕರೆದರು.

"ನನ್ನ ಕಣ್ಣು ಸರಿ ಇಲ್ಲವ್ವ. ನೀ ನೋಡು."

ನೋಡಿದೆ. ಅರಿಸಿನ ಬೆರೆತ ತಿಳಿ ಎಣ್ಣೆ, ಅದರ ಅಡಿಯಲ್ಲಿ ಆ ಹಳೆಯ ಅಂಗೈಯ ಗೆರೆಗಳು. ಬೇರೇನೂ ಇರಲಿಲ್ಲ.

"ಏನೂ ಇಲ್ರಿ ಮಾವಾರ. ಏನೂ ಸವದಿಲ್ಲ."

ಮಾವನವರು ಆ ಎಣ್ಣೆಯನ್ನು ಒರೆಸಿಕೊಳ್ಳಲಿಲ್ಲ. ತಮ್ಮ ನೆತ್ತಿಗೆ ತಟ್ಟಿಕೊಂಡರು. ಆಮೇಲೆ ಎರಡೂ ಕೈಗಳನ್ನು ಮಗುವಿನ ಕಡೆಗೆ ಚಾಚಿದರು.